ಎಂಟನೆಯ ದೀಪದ ಮುಂದೆ ನಾನು ಸೀನಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸೀನಿದವನು ನಾನೇ. ನೆಗಡಿಯಾಗಿ ಬಂದ ಸೀನಲ್ಲ ಅದು. ಮೂರು ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ತಾಲೀಮು ಮಾಡಿದ ಸೀನು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಒಬ್ಬ ವಯಸ್ಸಾದ ಹೆಂಗಸಿನ ಎದುರು, ಅವರ ಹಬ್ಬದ ಕೊನೆಯ ಸಂಜೆ, ಅವರ ಪ್ರಾರ್ಥನೆಯ ನಟ್ಟನಡುವೆ, ಅವರ ಮಗನ ಮೂಗಿನಲ್ಲಿ ನಾನು ಸೀನಿದೆ. ಇಷ್ಟು ಕೇಳಿದ ಮೇಲೂ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳಿದಿದ್ದರೆ ಅದು ನಿಮ್ಮ ದೊಡ್ಡತನ. ಮುಂದೆ ಓದಿ, ಅದೂ ಹೋಗುತ್ತದೆ.

ನಾನು ಮಿಮಿಕ್ರಿ ಮಾಡುವವನು. ಹೊಟ್ಟೆಪಾಡಿಗೆ ಮಾಲೂರಿನಲ್ಲಿ ಮೊಬೈಲ್ ರಿಪೇರಿ, ಚಟಕ್ಕೆ ಮಿಮಿಕ್ರಿ. ಕೋಲಾರ, ಶ್ರೀನಿವಾಸಪುರದ ಕಡೆ ಆರ್ಕೆಸ್ಟ್ರಾದವರು ಕರೆದರೆ, ಹಾಡುವವರು ನೀರು ಕುಡಿದು ಬರುವಷ್ಟು ಹೊತ್ತು ವೇದಿಕೆ ನನ್ನದು. ಮುಳಬಾಗಿಲಿನ ಒಂದು ಸ್ಪರ್ಧೆಯಲ್ಲಿ ಎರಡನೆಯ ಬಹುಮಾನವೂ ಬಂದಿದೆ. ಸ್ಪರ್ಧೆಗೆ ಇದ್ದದ್ದೇ ಇಬ್ಬರು ಎಂಬುದನ್ನು ಮನೆಯಲ್ಲಿ ಹೇಳಿಲ್ಲ. ಸುಗಟೂರು ಬಸ್ಸಿನ ಕಂಡಕ್ಟರು, ಸ್ಟೇಷನ್ನಿನ ಮೈಕಿನಲ್ಲಿ ಕ್ಷಮೆ ಕೇಳುವ ಹೆಂಗಸು, ಪ್ರತಿ ಲೆಕ್ಕಕ್ಕೂ ಮುಂಚೆ ಗಂಟಲು ಕ್ಯಾಕರಿಸುತ್ತಿದ್ದ ನಮ್ಮ ಹೈಸ್ಕೂಲು ಮೇಷ್ಟ್ರು, ಇವರೆಲ್ಲ ನನ್ನ ಬಂಡವಾಳ. ಇವರಿಗಿಂತ ಹೆಚ್ಚು ಚಪ್ಪಾಳೆ ಬರುವುದು ನಮ್ಮಜ್ಜಿಯ ಧ್ವನಿಗೆ. ಅದನ್ನು ಅಜ್ಜಿಯ ಎದುರೇ ಮಾಡಿ ತೋರಿಸಿದಾಗ ಆಕೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸದೆ ಹೇಳಿದ್ದಳು: “ಬೇಡ ಕಣೋ ನಾಯ್ನಾ. ಈ ಮನೆಗೆ ನಾನೊಬ್ಬಳೇ ಜಾಸ್ತಿ ಅಂತ ನಿಮ್ಮಪ್ಪ ದಿನಾ ಹೇಳ್ತಾನೆ.”

ಸ್ಟೇಷನ್ನಿನಿಂದ ಬರುವ ಅಡ್ಡಬೀದಿಯಲ್ಲಿ ನಮ್ಮ ಮನೆ. ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೆವು. ಅಲ್ಲಿಗೆ ಬಂದವರು ತಾಯಿ ಮತ್ತು ಮಗ, ಇಬ್ಬರೇ. ಮಗನಿಗೆ ಐವತ್ತರ ಹತ್ತಿರ. ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಸಂಜೆ ಏಳರ ರೈಲಿಗೆ ಇಳಿಯುವ ದಪ್ಪ ಧ್ವನಿಯ ಮನುಷ್ಯ. ತಾಯಿಗೆ ಎಪ್ಪತ್ತೆಂಟು. ಮಗ ‘ಆಯಿ’ ಎಂದು ಕರೆಯುತ್ತಿದ್ದುದರಿಂದ ಇಡೀ ಬೀದಿಗೆ ಆಕೆ ಆಯಿ. ಮುಂಬೈ ಕಡೆಯ ಕೊಂಕಣ ತೀರದವರು, ಮನೆಮಾತು ಮರಾಠಿ, ಸೀರೆ ಉಡುವುದೂ ಮರಾಠಿಯವರ ಹಾಗೇ. ಧರ್ಮ ಮಾತ್ರ ಯಹೂದಿ.

ಅಜ್ಜಿಗೆ ಇದನ್ನು ವಿವರಿಸುವ ಕೆಲಸ ನನಗೆ ಬಿತ್ತು.

“ಯಹೂದಿ ಅಂದ್ರೆ ಯಾವ ಕಡೆ? ಮುಳಬಾಗಿಲು ಆಚೆನಾ?”

“ಇನ್ನೂ ಆಚೆ ಅಜ್ಜಿ. ಎರಡು ಸಾವಿರ ವರ್ಷದ ಹಿಂದೆ ಹಡಗು ಒಡೆದು ಕೊಂಕಣದ ದಡಕ್ಕೆ ಬಂದರಂತೆ. ಅಲ್ಲೇ ಎಣ್ಣೆಗಾಣ ಹಾಕ್ಕೊಂಡು ಉಳಿದರಂತೆ. ಶನಿವಾರ ಮಾತ್ರ ಗಾಣ ನಿಲ್ಲಿಸ್ತಿದ್ರಂತೆ.”

ಹಡಗು, ಎರಡು ಸಾವಿರ ವರ್ಷ, ಕೊಂಕಣ, ಇದ್ಯಾವುದೂ ಅಜ್ಜಿಯ ಕಿವಿಗೆ ಬೀಳಲಿಲ್ಲ. “ಗಾಣದ ಎಣ್ಣೆಯೋರಾ? ಮತ್ತೆ ಮೊದಲೇ ಹೇಳಬಾರ್ದಾ,” ಎಂದು ಆಕೆ ಅಂದೇ ಮೆಟ್ಟಿಲು ಹತ್ತಿ ಹೋಗಿ ಆಯಿಯ ಪಕ್ಕ ಕೂತವಳು ಮತ್ತೆ ಏಳಲಿಲ್ಲ. ಅಂದರೆ ಊಟಕ್ಕೆ ಎದ್ದಳು. ಇಬ್ಬರಿಗೂ ಸಮಾನವಾದ ಭಾಷೆ ಇರಲಿಲ್ಲ, ಆದರೆ ಮಕ್ಕಳನ್ನು ದೂರಲು ಭಾಷೆ ಬೇಕಾಗುವುದಿಲ್ಲ. ಒಂಬತ್ತು ತಿಂಗಳಲ್ಲಿ ಆಯಿ ಕನ್ನಡ ಕಲಿತರು. ಗುರು ನಮ್ಮಜ್ಜಿ ಆದ್ದರಿಂದ ಅದರಲ್ಲಿ ಕಾಲುಭಾಗ ತೆಲುಗು, ಕಾಲುಭಾಗ ಬೈಗುಳ.

ಡಿಸೆಂಬರಿನಲ್ಲಿ ಅವರ ಹಬ್ಬ ಬಂತು. ಹನುಕ್ಕಾ ಎಂದು ಹೆಸರು. ಎಂಟು ದಿನ. ಅವರ ದೇವಾಲಯವನ್ನು ಯಾರೋ ರಾಜ ಹಾಳು ಮಾಡಿದ್ದನಂತೆ. ಮತ್ತೆ ಗೆದ್ದುಕೊಂಡು ದೀಪ ಹಚ್ಚಹೋದರೆ ಒಂದೇ ದಿನಕ್ಕಾಗುವಷ್ಟು ಎಣ್ಣೆ ಉಳಿದಿತ್ತಂತೆ. ಅದು ಎಂಟು ದಿನ ಉರಿಯಿತಂತೆ. ಅದರ ನೆನಪಿಗೆ ಮೊದಲ ಸಂಜೆ ಒಂದು ದೀಪ, ಮಾರನೆಯ ಸಂಜೆ ಎರಡು, ಹೀಗೆ ಎಂಟರವರೆಗೆ. ಬೀದಿ ಕಡೆಯ ಕಿಟಕಿಯಲ್ಲಿ ಮರದ ಒಂದು ಅಡ್ಡಪಟ್ಟಿ, ಅದರ ಮೇಲೆ ಸಾಲಾಗಿ ಎಂಟು ಪುಟ್ಟ ಗಾಜಿನ ಲೋಟ, ನೀರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ತೇಲುವ ಬತ್ತಿ. ಎಂಟಕ್ಕಿಂತ ಸ್ವಲ್ಪ ಎತ್ತರದಲ್ಲಿ ಒಂಬತ್ತನೆಯದೊಂದು.

“ಇದು ಗಣತಿಗಿಲ್ಲ,” ಎಂದರು ಆಯಿ ಆ ಒಂಬತ್ತನೆಯದನ್ನು ತೋರಿಸಿ. “ಇದು ಕೆಲಸದವನು. ಬೇರೆ ದೀಪ ಹಚ್ಚೋದು ಇವನೇ. ದಿನಾ ಉರೀಬೇಕು, ಲೆಕ್ಕಕ್ಕೆ ಮಾತ್ರ ಇಲ್ಲ.”

ನಮ್ಮ ಮನೆಯಲ್ಲಿ ನನ್ನ ಸ್ಥಾನವನ್ನು ಇಷ್ಟು ಸ್ಪಷ್ಟವಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ.

ಮೊದಲ ಸಂಜೆ ನಾನೂ ಅಜ್ಜಿಯೂ ಮೇಲೆ ಹೋಗಿದ್ದೆವು. ಮಗ ರೈಲಿನಿಂದ ಇಳಿದು ಬಂದು, ಕೈಕಾಲು ತೊಳೆದು, ತಲೆಗೆ ಪುಟ್ಟ ಟೋಪಿ ಇಟ್ಟು, ಪ್ರಾರ್ಥನೆ ಶುರು ಮಾಡಿದರು. ಹೀಬ್ರೂ ಭಾಷೆ. ನನಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಕಿವಿ ನೆಟ್ಟಗಾಯಿತು. ಗಂಟಲಿನ ಆಳದಿಂದ ಬರುವ ಒಂದು ಖಕಾರ ಅದರಲ್ಲಿತ್ತು. ನಮ್ಮ ಮೇಷ್ಟ್ರು ಲೆಕ್ಕಕ್ಕೆ ಮುಂಚೆ ಮಾಡುತ್ತಿದ್ದರಲ್ಲ, ಸಾಕ್ಷಾತ್ ಅದೇ. ಹತ್ತು ವರ್ಷದ ನನ್ನ ಸಾಧನೆಗೆ ಕೊನೆಗೂ ಒಂದು ಉಪಯೋಗ ಕಂಡಿತು. ಮೆಲ್ಲಗೆ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿದೆ. ರಾಗ ಮೇಲೇರಿತು, ಇಳಿಯಿತು, ಒಂದು ಕಡೆ ನಿಂತು ದೊಡ್ಡದಾಗಿ ಸೀನಿತು, ಮತ್ತೆ ಮುಂದುವರಿದು ಮುಗಿಯಿತು. ಆಯಿ ಕಣ್ಣುಮುಚ್ಚಿ ಕೇಳುತ್ತಿದ್ದರು.

“ಇವನಪ್ಪಂದೇ ರಾಗ,” ಎಂದು ಆಮೇಲೆ ಅಜ್ಜಿಗೆ ಹೇಳಿದರು. “ಅವರು ತೀರಿಕೊಂಡ ವರ್ಷಾನೂ ಇವನು ನಿಲ್ಲಿಸಲಿಲ್ಲ. ಒಂದು ದಿನ ತಪ್ಪಿಲ್ಲ ಮನೇಲಿ. ನಮ್ಮ ಹಳೇ ಕಾಲದೋರಿಗೆ ಈ ಹಬ್ಬ ಗೊತ್ತೇ ಇರಲಿಲ್ಲ. ಅವರು ಹಡಗು ಹತ್ತಿ ಬಂದ ಮೇಲೆ ಆಗಿದ್ದಲ್ವಾ ಇದು. ತಡವಾಗಿ ಗೊತ್ತಾಯ್ತು. ಅದಕ್ಕೇ ಬಿಡಲ್ಲ.”

ಅಜ್ಜಿಗೆ ಬೇರೆ ಚಿಂತೆ. ಕೆಳಗೆ ಬಂದ ಕೂಡಲೇ ಅಮ್ಮನಿಗೆ ಹೇಳಿದಳು: “ಪಾಪ, ಒಂದೇ ದೀಪ ಹಚ್ಚವ್ರೆ. ಗಾಣದೋರಿಗೇ ಎಣ್ಣೆ ಇಲ್ಲ ನೋಡು.” ಮಾರನೆಯ ದಿನ ಒಂದು ಬಾಟಲಿ ಎಳ್ಳೆಣ್ಣೆ ಸೆರಗಿನಲ್ಲಿ ಮುಚ್ಚಿಕೊಂಡು ಮಹಡಿಗೆ ಹೋದಳು. ಆ ಸಂಜೆ ದೀಪ ಎರಡಾಯಿತು. ಮೂರನೆಯ ಸಂಜೆ ಮೂರು. ಹಬ್ಬದ ಕಥೆ ಎರಡು ಸಲ ಹೇಳಿದರೂ ಪ್ರಯೋಜನವಾಗಲಿಲ್ಲ. “ನನ್ನ ಎಣ್ಣೆ ಬಿದ್ದ ಮೇಲೆ ಹೆಂಗೆ ಏರ್ತಾ ಐತೆ ನೋಡು” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮೂರನೆಯ ಸಂಜೆಯೇ ನಾನು ಬೈಸಿಕೊಂಡದ್ದು. ಮಹಡಿ ಮೆಟ್ಟಿಲಿನಲ್ಲಿ ನನ್ನ ಎಡಗಾಲಿನ ಚಪ್ಪಲಿಯ ಬಾರು ಕಿತ್ತಿತು. ಅಮ್ಮನ ಬಳೆಗೆ ಸಿಕ್ಕಿಸಿದ್ದ ಪಿನ್ನೊಂದನ್ನು ಇಸಿದುಕೊಂಡು ಮತ್ತೆ ಹತ್ತಿ, ಕಿಟಕಿಯ ಮೂರು ದೀಪಗಳ ಬೆಳಕಿಗೆ ಚಪ್ಪಲಿ ಹಿಡಿದು ಪಿನ್ನು ಹಾಕುತ್ತಿದ್ದೆ.

“ಲೇ, ತೆಗಿ ಅದನ್ನ,” ಎಂದರು ಆಯಿ. “ಈ ಬೆಳಕಲ್ಲಿ ಯಾವ ಕೆಲಸಾನೂ ಮಾಡಬಾರ್ದು. ಓದಬಾರ್ದು, ಹೊಲೀಬಾರ್ದು, ದುಡ್ಡು ಎಣಿಸಬಾರ್ದು. ನೋಡಬೇಕು ಅಷ್ಟೆ. ನೀನು ಚಪ್ಪಲಿ ತಂದಿದೀಯ.”

“ಮತ್ತೆ ದೀಪ ಯಾಕೆ ಆಯಿ?”

“ಬೀದೀಲಿ ಹೋಗೋರಿಗೆ ತೋರಿಸೋಕೆ. ಅದಕ್ಕೇ ಕಿಟಕೀಲಿ ಇಡೋದು. ಬೀದೀಲಿ ಕಾಲು ಓಡಾಡೋವರೆಗೂ ಹಚ್ಚಬಹುದು. ಕಾಲು ನಿಂತು ಹೋದ್ಮೇಲೆ ಹಚ್ಚಿ ಯಾರಿಗೆ ತೋರಿಸ್ತೀಯ, ಸೊಳ್ಳೆಗಾ? ನಮ್ಮ ಮಾವನ ಮನೇಲಿ ಅದೇ ಕಟ್ಟು.”

ಕೆಲಸದವನ ದೀಪದ ಬೆಳಕನ್ನು ಮಾತ್ರ ಬಳಸಬಹುದಂತೆ. ನಾನು ಚಪ್ಪಲಿಯನ್ನು ಅದರ ಕಡೆ ತಿರುಗಿಸಿದೆ. ಅದಕ್ಕೂ ಬೈದರು, ಆದರೆ ಅದು ಧರ್ಮದ ಕಾರಣಕ್ಕಲ್ಲ.

ಎಣ್ಣೆಯ ಹಬ್ಬವಾದ್ದರಿಂದ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುವುದೂ ಪದ್ಧತಿ. ಈ ಪದ್ಧತಿಯನ್ನು ನಮ್ಮಜ್ಜಿ ಯಹೂದಿಗಳಿಗಿಂತ ಶ್ರದ್ಧೆಯಿಂದ ಆಚರಿಸಿದಳು. ಆಕೆಗೆ ಡಾಕ್ಟರು ಕರಿದದ್ದನ್ನು ಬಿಡಿಸಿ ಎರಡು ವರ್ಷವಾಗಿತ್ತು. ಈಗ ಅಪ್ಪ ಏನಾದರೂ ಅಂದರೆ “ಅವರ ದೇವರು ತಪ್ಪು ತಿಳ್ಕೊಂತಾನೆ” ಎನ್ನುತ್ತಿದ್ದಳು. ಆಯಿ ಗುಲಾಬ್ ಜಾಮೂನು ಮಾಡಿದರೆ ಅಜ್ಜಿ ನಿಪ್ಪಟ್ಟು. ಅವರೆಕಾಯಿಯ ಕಾಲ, ಅಜ್ಜಿಯ ತವರು ವಕ್ಕಲೇರಿಯಿಂದ ಮೂಟೆ ಬಂದಿತ್ತು. ಇಬ್ಬರೂ ಮಧ್ಯಾಹ್ನವೆಲ್ಲ ಕಾಳು ಹಿಸುಕಿ ಬೇಳೆ ತೆಗೆದು ಕರಿದು ಡಬ್ಬ ತುಂಬಿದರು. ಅವರ ದೇವಾಲಯದ ಎಣ್ಣೆ ಎಂಟು ದಿನ ಬಂದಿತಂತೆ. ನಮ್ಮ ಮನೆಯ ಐದು ಲೀಟರಿನ ಡಬ್ಬ ನಾಲ್ಕನೆಯ ದಿನಕ್ಕೆ ಖಾಲಿ. ಪವಾಡಗಳು ಎಲ್ಲ ಮನೆಗಳಲ್ಲೂ ನಡೆಯುವುದಿಲ್ಲ.

ಆರನೆಯ ದಿನ ಆಯಿಗೆ ಕಣ್ಣಿನ ಪೊರೆಯ ಆಪರೇಷನ್. ಎರಡು ತಿಂಗಳ ಹಿಂದೆಯೇ ಕೊಟ್ಟಿದ್ದ ದಿನ ಅದು. ಕೊಟ್ಟವರು ಹಬ್ಬ ನೋಡಿ ಕೊಟ್ಟಿರಲಿಲ್ಲ. ಬಲಗಣ್ಣಿಗೆ ಪಟ್ಟಿ. ಎಡಗಣ್ಣು ಮೊದಲಿನಿಂದಲೂ ರಜೆಯಲ್ಲಿತ್ತು. ಬೆಂಕಿ, ಹೊಗೆ, ಒಲೆ ಯಾವುದರ ಹತ್ತಿರವೂ ಸುಳಿಯಕೂಡದೆಂದು ಕಟ್ಟಪ್ಪಣೆ. ಕಿಟಕಿಯಿಂದ ಮೂರು ಮಾರು ದೂರಕ್ಕೆ ಕುರ್ಚಿ ಹಾಕಿ ಕೂರಿಸಿದೆವು. ಏಳನೆಯ ಸಂಜೆ ಮಗ ದೀಪ ಹಚ್ಚುವಾಗ ಆಯಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿದರಂತೆ. ಮೊದಲ ಸಂಜೆ ಬಿಟ್ಟರೆ, ರಿಪೇರಿ ಕೆಲಸ ಮುಗಿಸಿ ನಾನು ಮೇಲೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು.

“ನೋಡೋಕಾಗಲಿಲ್ಲ ಅಲ್ವಾ ಅಕ್ಕ,” ಎಂದಳು ಅಜ್ಜಿ.

“ಕೇಳಿದ್ನಲ್ಲ. ನಾಳೆ ಎಂಟೂ ತುಂಬತ್ತೆ. ಅವನ ಬಾಯಲ್ಲಿ ಆ ರಾಗ ಕೇಳಿದ್ರೆ ಎಂಟೂ ನೋಡಿದ ಹಾಗೇ ನಂಗೆ.”

ಇದನ್ನು ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡದ್ದೇ ತಪ್ಪಾಯಿತು.

ಎಂಟನೆಯ ಸಂಜೆ ಏಳಾಯಿತು, ಏಳೂಕಾಲಾಯಿತು, ಮಗ ಬರಲಿಲ್ಲ. ಏಳೂವರೆಗೆ ನನ್ನ ಮೊಬೈಲಿಗೆ ಅವರ ಕರೆ. ಆಯಿ ಫೋನು ಮುಟ್ಟುವವರಲ್ಲ. ಹೇಳಬೇಕಾದ್ದೇನಿದ್ದರೂ ನನ್ನ ಮೂಲಕ.

“ದೇವನಗೊಂದಿ ಹತ್ತಿರ ನಿಂತಿದೆ ಕಣಪ್ಪ ರೈಲು. ಹಳಿ ಮೇಲೆ ಎಮ್ಮೆ ಮಲಗಿದೆ.”

“ಎಬ್ಬಿಸಿ ಅಣ್ಣಾ.”

“ನಾಲ್ಕು ಜನ ಇಳಿದು ಎಬ್ಬಿಸ್ತಿದಾರೆ. ಅದು ಮೆಲುಕು ಹಾಕ್ತಾ ಇದೆ. ಆಯಿಗೆ ಹೇಳು, ಬರ್ತೀನಿ ಅಂತ.”

ಹೇಳು ಎಂದದ್ದು ಇಷ್ಟೇ. ಬುದ್ಧಿ ಇರುವವನಾಗಿದ್ದರೆ ಮೆಟ್ಟಿಲು ಹತ್ತಿ, ‘ಆಯಿ, ಎಮ್ಮೆ’ ಎಂದು ಇಳಿದು ಬರುತ್ತಿದ್ದೆ. ಆದರೆ ನನ್ನೊಳಗಿನ ಕಲಾವಿದ ಎದ್ದು ಕೂತ. ರೆಕಾರ್ಡ್ ಇದೆ. ತಾಲೀಮಾಗಿದೆ. ಆಯಿಗೆ ಕಣ್ಣು ಕಾಣುವುದಿಲ್ಲ, ಆ ಧ್ವನಿ ಬೇಕು, ಹೊತ್ತು ಮೀರುತ್ತಿದೆ. ಇದು ಮಿಮಿಕ್ರಿಯಲ್ಲ, ಸೇವೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಳಬಾಗಿಲಿನಲ್ಲಿ ಮೊದಲ ಬಹುಮಾನ ಕೊಡದವರೆಲ್ಲ ಒಂದು ಕ್ಷಣ ಕಣ್ಣ ಮುಂದೆ ಬಂದು ಹೋದರು.

ಪಟ್ಟಿ ಬಿದ್ದಾಗಿನಿಂದ ಆಯಿ ಎಲ್ಲರನ್ನೂ ಹೆಜ್ಜೆಯಿಂದಲೇ ಗುರುತಿಸುತ್ತಿದ್ದರು. ಅಷ್ಟು ನನಗೂ ಗೊತ್ತು. ಆದ್ದರಿಂದ ನನ್ನ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಅಪ್ಪನ ಬೂಟು ಹಾಕಿಕೊಂಡೆ. ಮಗನ ಹಾಗೆ ಧಪ್ ಧಪ್ ಎಂದು ಮೆಟ್ಟಿಲು ಹತ್ತಿದೆ, ಮೇಲಿನ ಮೆಟ್ಟಿಲಲ್ಲಿ ನಿಂತು ಅವರ ಹಾಗೇ ಒಂದು ಸಲ ಉಸ್ ಎಂದೆ, ಬೂಟು ಬಿಚ್ಚಿ ಮೂಲೆಗೆ ಎಸೆದೆ.

“ಬಂದ್ಯಾ?” ಎಂದರು ಆಯಿ ಒಳಗಿನಿಂದ.

“ಹೋ ಆಯಿ, ಆಲೋ,” ಎಂದೆ. ಬಂದೆ ಎಂಬುದಕ್ಕೆ ಮಗ ದಿನಾ ಹೇಳುತ್ತಿದ್ದ ಮರಾಠಿ ಮಾತು ಅದು. ಎಷ್ಟು ಚೆನ್ನಾಗಿ ಬಂತೆಂದರೆ, ಒಳಗೆ ಕೂತಿದ್ದ ನಮ್ಮಜ್ಜಿ “ಇಷ್ಟೊತ್ತು ಯಾಕೆ ನಾಯ್ನಾ” ಎನ್ನುತ್ತ ತಿರುಗಿ, ನನ್ನನ್ನು ನೋಡಿ, ಬಾಯಿ ತೆರೆದವಳು ಹಾಗೇ ಉಳಿದಳು. ನಾನು ಕೈಮುಗಿದೆ. ಸುಮ್ಮನಿರು ಎಂದು ಸನ್ನೆ ಮಾಡಿದೆ. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಶುರು ಮಾಡು ಮತ್ತೆ,” ಎಂದರು ಆಯಿ.

ಕಿಟಕಿಯ ಮುಂದೆ ನಿಂತೆ. ಎಂಟು ಲೋಟಗಳಿಗೂ ಅಜ್ಜಿಯೇ ಎಣ್ಣೆ ತುಂಬಿಟ್ಟಿದ್ದಳು. ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಪ್ರಾರ್ಥನೆ ಎತ್ತಿದೆ. ಮೊದಲನೆಯದು ಮುಗಿಯಿತು, ಖಕಾರ ಅಂದರೆ ಖಕಾರ, ಮೇಷ್ಟ್ರು ಕೇಳಿದ್ದರೆ ಫಸ್ಟ್ ಕ್ಲಾಸ್ ಕೊಡುತ್ತಿದ್ದರು. ಎರಡನೆಯದೂ ಮುಗಿಯಿತು. ಆಯಿಯ ಮುಖ ಪಕ್ಕಕ್ಕೆ ವಾಲಿತ್ತು, ತುಟಿ ನನ್ನ ಜೊತೆಗೇ ಆಡುತ್ತಿತ್ತು. ಸತ್ಯವಾಗಿ ಹೇಳುತ್ತೇನೆ, ನನ್ನ ಕಲೆಗೆ ನಾನೇ ತಲೆದೂಗಿದೆ. ಮೂರನೆಯದನ್ನು ಎತ್ತಿದೆ. ಆಯಿಯ ತುಟಿ ನಿಂತಿತು. ಹುಬ್ಬು ಪಟ್ಟಿಯ ಮೇಲೆ ಏರಿತು. ನಾನು ನಿಲ್ಲಿಸಲಿಲ್ಲ. ರಾಗ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತೆ, ತಲೆ ಹಿಂದಕ್ಕೆಸೆದೆ, ಸೀನಿದೆ.

ಅಜ್ಜಿಯ ಬಾಯಿಂದ ಸೆರಗೂ ಎಲೆಯಡಿಕೆಯೂ ಒಟ್ಟಿಗೆ ಹೊರಬಂದವು.

ಆಯಿ ಕೈ ಚಾಚಿದರು. “ಬೆಂಕಿಪೊಟ್ಟಣ ಕೊಡು. ಕಡ್ಡಿ ಗೀರಿಲ್ಲ ತಾನೇ?”

“ಇಲ್ಲ ಆಯಿ,” ಎಂದೆ. ಯಾರ ಧ್ವನಿಯೂ ಬರಲಿಲ್ಲ, ನನ್ನದೇ ಬಂತು, ಅದೂ ಅರ್ಧ.

“ಮೂರನೇ ಪ್ರಾರ್ಥನೆ ಮೊದಲನೇ ದಿನ ಮಾತ್ರ ಕಣೋ ಕೋತಿ. ಈ ಹೊತ್ತಿನವರೆಗೂ ಬದುಕಿಸಿ ತಂದ್ಯಲ್ಲಪ್ಪಾ ಅಂತ ಒಂದು ಸಲ ಹೇಳೋದು. ದಿನಾ ಹೇಳೋಕೆ ದೇವರೇನು ಕಂಡಕ್ಟರಾ, ಇಳಿಯುವಾಗೆಲ್ಲ ಥ್ಯಾಂಕ್ಸ್ ಅನ್ನೋಕೆ? ಉಳಿದ ಏಳು ದಿನ ಎರಡೇ.”

“ಮತ್ತೆ ಸೀನು?”

“ಸೀನೂ ಪ್ರಾರ್ಥನೆ ಅಂದ್ಕೊಂಡ್ಯಾ?”

ಅಂದುಕೊಂಡಿದ್ದೆ. ಭಾಷೆ ಗೊತ್ತಿಲ್ಲದವನಿಗೆ ಏನು ಗೊತ್ತು? ಅಷ್ಟು ಭಕ್ತಿಯಿಂದ ಸೀನಿದ್ದರು.

“ಅದು ನಿಮ್ಮಮ್ಮನ ಒಗ್ಗರಣೆ,” ಎಂದಳು ಅಜ್ಜಿ, ಕಣ್ಣೀರು ಒರೆಸಿಕೊಳ್ಳುತ್ತ. “ಅವತ್ತು ಸಾರಿಗೆ ಎಂಟು ಮೆಣಸಿನಕಾಯಿ ಹಾಕಿದ್ಲು. ನಂಗೂ ಬಂತು ಸೀನು, ತಡ್ಕೊಂಡೆ.”

ಇಬ್ಬರೂ ನಕ್ಕರು. ಪಟ್ಟಿ ಕಟ್ಟಿದ ಕಣ್ಣಿನಲ್ಲಿ ನಗಬಾರದೆಂದು ಡಾಕ್ಟರು ಹೇಳಿದ್ದರೋ ಇಲ್ಲವೋ, ಆಯಿ ಕೆನ್ನೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. ಆಯಿ ಬೆಂಕಿಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಸೆರಗು ಮುಚ್ಚಿದರು.

“ಅವನೆಲ್ಲಿ?”

ಎಮ್ಮೆಯ ವಿಷಯ ಹೇಳಿದೆ.

“ಕಾಯ್ತೀನಿ,” ಎಂದರು. “ಬೀದೀಲಿ ಕಾಲು ಓಡಾಡೋವರೆಗೂ ಕಾಯ್ತೀನಿ. ನಿಂತು ಹೋದ್ರೆ ಇವಳ ಕೈಲಿ ಕಡ್ಡಿ ಹಿಡಿಸ್ಕೊಂಡು ನಾನೇ ಹಚ್ಚಿ ಮುಗಿಸ್ತೀನಿ. ದೀಪ ತಪ್ಪಿಸಲ್ಲ. ಅವನ ಬಾಯಲ್ಲಿ ಕೇಳೋದು ಮಾತ್ರ ಈ ವರ್ಷ ಇಲ್ಲ ಅಂತ ಆಗತ್ತೆ.”

ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸು ಎಂದರು. ಇನ್ನೂ ಬೆಂಕಿ ಇರಲಿಲ್ಲವಾದ್ದರಿಂದ ಸರಿಸಿದೆ. ಕಿವಿಯನ್ನು ಬೀದಿಗೆ ಕೊಟ್ಟು ಕೂತರು.

ನಮ್ಮ ಬೀದಿಯ ವಿಷಯ ನಿಮಗೆ ಹೇಳಬೇಕು. ಎಂಟು ಗಂಟೆಗೆ ಧಾರಾವಾಹಿ ಶುರುವಾದರೆ, ಅದರ ಮೇಲೆ ಡಿಸೆಂಬರಿನ ಚಳಿಯೂ ಸೇರಿದರೆ, ಅಲ್ಲಿ ನಾಯಿಯೂ ಓಡಾಡುವುದಿಲ್ಲ. ಸಮಯ ಆಗಲೇ ಏಳು ಐವತ್ತು. ನಾನು ಮೆಟ್ಟಿಲು ಹಾರಿ ಇಳಿದು, ಬಾಗಿಲಲ್ಲಿ ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಂದೆ. ಎದುರು ಮನೆಯ ಬಾಗಿಲು ಹಾಕಿತು. ಮೂಲೆಯ ಅಂಗಡಿಯ ಷಟರ್ ಇಳಿಯಿತು. ಎಂಟಕ್ಕೆ ಬೀದಿ ಸತ್ತು ಮಲಗಿತು.

ಕಾಲು ನಿಲ್ಲಬಾರದು. ಅಷ್ಟೇ ತಾನೇ? ನಡೆಯತೊಡಗಿದೆ.

ಈ ತುದಿಯಿಂದ ಆ ತುದಿಗೆ ನಾನಾಗಿ ಹೋದೆ. ಬರುವಾಗ ನಮ್ಮ ಮೇಷ್ಟ್ರಾದೆ: ಪೊರಕೆಯ ಕೋಲು ಊರುತ್ತ, ಒಂದು ಕಾಲು ಎಳೆಯುತ್ತ, ಮಹಡಿಯ ಕೆಳಗೆ ಬಂದಾಗ ಗಂಟಲು ಕ್ಯಾಕರಿಸಿದೆ. ಆಮೇಲೆ ಖಾಲಿ ಕ್ಯಾನು ಹಿಡಿದು ಡೈರಿಯ ಹಾಲಿನವನಾಗಿ ಓಡಿದೆ. ಇಟ್ಟಿಗೆ ಗೂಡಿನ ಲಾರಿ ಡ್ರೈವರಾಗಿ ಕೆಮ್ಮುತ್ತ ಹೋದೆ. ಕೋಲಾರದ ಬಸ್ಸು ತಪ್ಪಿಸಿಕೊಂಡ ಇಬ್ಬರು ಹೆಂಗಸರಾಗಿ ಜಗಳವಾಡುತ್ತ ಬಂದೆ, ಇಬ್ಬರೂ ನಾನೇ. ಅದು ಸುಲಭವಲ್ಲ, ಒಬ್ಬಳಾದರೂ ಗೆಲ್ಲಬೇಕು. ಎದುರು ಮನೆಯಾಕೆ ಜಾಹೀರಾತಿನ ನಡುವೆ ಕಿಟಕಿ ತೆರೆದು ನೋಡಿದರು.

“ಏನ್ಲಾ, ಹುಚ್ಚು ಹಿಡೀತಾ?”

“ಇಲ್ಲ ಆಂಟಿ, ಹಬ್ಬ. ನೀವೂ ಬನ್ನಿ, ಒಂದು ಸುತ್ತು ನಡೀರಿ.”

“ನಡೆಯೋ ಹಬ್ಬಾನಾ,” ಎಂದು ಕಿಟಕಿ ಹಾಕಿಕೊಂಡರು.

ಅಜ್ಜಿಯನ್ನು ಕೆಳಗಿನಿಂದ ಕೈಬೀಸಿ ಕರೆದೆ. ಆಕೆ ಮಹಡಿಯಿಂದಲೇ ಬಗ್ಗಿ, ಆಯಿಗೆ ಕೇಳದಷ್ಟು ಮೆಲ್ಲಗೆ ಅಂದಳು: “ನನ್ ಮೊಣಕಾಲು ನಿನ್ ಆಟಕ್ಕೆ ಬಾಡಿಗೆಗಿಲ್ಲ. ನೀನೇ ತಿರುಗು, ತಿಂದ ನಿಪ್ಪಟ್ಟಾದ್ರೂ ಅರಗಲಿ.”

ತಿರುಗಿದೆ. ಎಂಟೂ ಇಪ್ಪತ್ತರ ಹೊತ್ತಿಗೆ ನನ್ನ ಬಳಿ ಇದ್ದ ಜನವೆಲ್ಲ ಮುಗಿದರು. ಎಷ್ಟೋ ವರ್ಷಗಳಿಂದ ಊರಿನವರನ್ನು ಆಡಿಕೊಂಡು ಕೂಡಿಹಾಕಿದ ಸಂಪತ್ತೆಲ್ಲ ಅರ್ಧ ಗಂಟೆಯಲ್ಲಿ ಖರ್ಚಾಗಿ, ಕೊನೆಗೆ ನಮ್ಮಪ್ಪನ ಹಾಗೆ ನಡೆಯಬೇಕಾಗಿ ಬಂತು. ಅಪ್ಪ ಒಳಗೆ ಟಿ.ವಿ. ನೋಡುತ್ತಿದ್ದುದರಿಂದ ಬಚಾವಾದೆ. ನಿಂತು ಉಸಿರು ಬಿಟ್ಟೆ. ಮೇಲಿನ ಕಿಟಕಿಯಲ್ಲಿ ಆಯಿಯ ತಲೆ ಹಾಗೇ ವಾಲಿಕೊಂಡಿತ್ತು. ಈಗ ಅಲ್ಲಿಂದ ಕಡ್ಡಿ ಗೀರುವ ಸದ್ದು ಬಂದರೆ ಮುಗಿಯಿತು ಎಂದುಕೊಂಡೆ.

ಬಂದದ್ದು ರೈಲಿನ ಕೂಗು.

ಐದು ನಿಮಿಷಕ್ಕೆ ಅಡ್ಡಬೀದಿಯ ಬಾಯಲ್ಲಿ ಸದ್ದು ಕೇಳಿಸಿತು. ದಿನಾ ಕೇಳುತ್ತಿದ್ದರೂ ಕೇಳಿಸಿಕೊಳ್ಳದೆ ಇದ್ದ ಸದ್ದು. ಒಂದು ರೈಲಿನಷ್ಟು ಕಾಲುಗಳು. ಬೂಟು, ಹವಾಯಿ ಚಪ್ಪಲಿ, ಹೆಂಗಸರ ಹೀಲ್ಸು, ಎಳೆದುಕೊಂಡು ಬರುವ ಚೀಲ, ಊಟದ ಡಬ್ಬಿಯೊಳಗೆ ಒದ್ದಾಡುವ ಚಮಚ. ಎಲ್ಲರೂ ಎಮ್ಮೆಯನ್ನು ಬೈಯುತ್ತ ಬರುತ್ತಿದ್ದರು. ಆಯಿಯ ಮಾವನ ಊರಿನಲ್ಲಿ ಬೀದಿ ಯಾವಾಗ ಮಲಗುತ್ತಿತ್ತೋ ಗೊತ್ತಿಲ್ಲ. ಮಾಲೂರಿನಲ್ಲಿ ರೈಲು ಬರುವವರೆಗೆ ಅದು ಮಲಗುವ ಹಾಗಿಲ್ಲ. ನಾನು ಸುಮ್ಮನೆ ನಡೆದಿದ್ದೆ.

ಆ ಗುಂಪನ್ನು ಸೀಳಿಕೊಂಡು ಮಗ ಓಡುತ್ತ ಬಂದರು. ನಾಲ್ಕು ನಾಲ್ಕು ಮೆಟ್ಟಿಲು ಹಾರಿದರು. ನಾನೂ ಹಿಂದೆಯೇ.

“ಆಲೋ ಆಯಿ. ತಿನ್ನೋಕೇನಿದೆ?”

“ಹಾಂ, ಇವನೇ ಸರಿ,” ಎಂದರು ಆಯಿ, ಬೆಂಕಿಪೊಟ್ಟಣ ಕೊಡುತ್ತ. “ಮೊದಲು ದೀಪ.”

ಕುರ್ಚಿಯನ್ನು ಹಿಂದಕ್ಕೆ ಸರಿಸಿದೆವು. ಮಗ ಟೋಪಿ ಇಟ್ಟರು. ಓಡಿ ಬಂದ ಏದುಸಿರಿನಲ್ಲಿ ರಾಗ ಅಲ್ಲಲ್ಲಿ ಹರಿಯಿತು, ಖಕಾರ ಎರಡು ಕಡೆ ಬಿದ್ದೇ ಹೋಯಿತು. ನಿಜ ಹೇಳಬೇಕೆಂದರೆ ನಾನೇ ಚೆನ್ನಾಗಿ ಹೇಳಿದ್ದೆ. ಆದರೆ ಆಯಿಯ ಮುಖ ನೋಡಿದ ಮೇಲೆ ಆ ಮಾತನ್ನು ನುಂಗಿಕೊಂಡೆ. ಎರಡೇ ಪ್ರಾರ್ಥನೆ. ಸೀನಿಲ್ಲ. ಕೆಲಸದವನ ದೀಪದಿಂದ ಒಂದೊಂದಾಗಿ ಎಂಟೂ ಹತ್ತಿದವು, ಒಂದೊಂದು ಹತ್ತಿದಾಗಲೂ ಅಜ್ಜಿ ಆಯಿಯ ಕೈ ಅಮುಕಿ “ಒಂದು”, “ಎರಡು” ಎಂದು ಹೇಳುತ್ತ ಹೋದಳು. ಕೆಳಗೆ ರೈಲಿನಿಂದ ಬಂದವರಲ್ಲಿ ಕೆಲವರು ತಲೆಯೆತ್ತಿ ನೋಡಿದರು. ಒಬ್ಬ ಸೈಕಲ್ ನಿಲ್ಲಿಸಿ ನೋಡಿದ.

“ಎಂಟು,” ಎಂದಳು ಅಜ್ಜಿ.

“ಗೊತ್ತಾಯ್ತು,” ಎಂದರು ಆಯಿ.

ತಟ್ಟೆಗಳು ಬಂದವು. ಕರಿದ ಅವರೆಬೇಳೆ, ಜಾಮೂನು, ಮುರಿದ ನಿಪ್ಪಟ್ಟು. ನಡೆದು ನಡೆದು ನನಗೆ ಹಸಿವೆಯ ಜೊತೆಗೆ ಜಂಬವೂ ಬಂದಿತ್ತು. ಸೀನಿನ ವಿಷಯವನ್ನು ಮಗನಿಗೆ ಅಜ್ಜಿ ಹೇಳುವ ಮೊದಲೇ ನನ್ನ ಉಪಕಾರ ದಾಖಲಾಗಲಿ ಎಂದು ಬಾಯಿ ಹಾಕಿದೆ.

“ಅಣ್ಣಾ, ನೀವು ಬರೋವರೆಗೂ ನಮ್ಮ ಬೀದಿ ಒಂದು ನಿಮಿಷ ಖಾಲಿಯಾಗಲಿಲ್ಲ. ಎಷ್ಟು ಜನ ಓಡಾಡಿದ್ರು ಅಂತೀರ! ಆಯೀನೇ ಕೇಳಿ. ಏನಾಯಿ, ಕೇಳಿಸ್ತಲ್ಲ?”

ಆಯಿ ಜಾಮೂನನ್ನು ಪೂರ್ತಿ ನುಂಗಿ, ಬೆರಳು ಒರೆಸಿಕೊಂಡು, ಪಟ್ಟಿ ಕಟ್ಟಿದ ಕಣ್ಣನ್ನು ನೇರವಾಗಿ ನನ್ನ ಕಡೆ ತಿರುಗಿಸಿದರು.

“ಕೇಳಿಸದೆ ಏನು, ಎಣಿಸ್ದೆ. ಹದಿನೇಳು ಜನ. ಕೋಲೂರ್ಕೊಂಡು ಮೇಷ್ಟ್ರು ಬಂದ್ರು, ಹಾಲಿನೋನು ಬಂದ, ಜಗಳ ಆಡ್ಕೊಂಡು ಹೆಂಗಸ್ರು ಬಂದ್ರು. ಪಾಪ, ಹದಿನೇಳು ಜನಕ್ಕೂ ಸೇರಿ ಒಂದೇ ಜೊತೆ ಚಪ್ಪಲಿ. ಅದ್ರಲ್ಲೂ ಎಡಗಾಲಿಂದಕ್ಕೆ ಪಿನ್ನು.”